ನದಿ ಹೊಂದುತ್ತದೆ, ಬಾವಿ ಹೊಂದುವುದಿಲ್ಲ: ಜಲಾನಯನ ಮಾಡೆಲ್‌ನಲ್ಲಿ ದೋಷ ಹುಡುಕುವ ಬಗೆ

ಒಂದು ಜಲಾನಯನದಲ್ಲಿ, ಅಂದರೆ ಒಂದು ಹಳ್ಳಕ್ಕೋ ನದಿಗೋ ನೀರು ಹರಿದು ಸೇರುವ ಇಡೀ ನೆಲದಲ್ಲಿ, ನೀರು ಹೇಗೆ ಸಾಗುತ್ತದೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಎಲ್ಲೂ ನಿಲ್ಲದೆ ಓಡುತ್ತದೆ. ನದಿಯ ಹರಿವಿನ ಗೆರೆ ಅಳತೆಯ ಗೆರೆಯ ಪಕ್ಕದಲ್ಲೇ ಸಾಗುತ್ತದೆ. ಮಾಡೆಲ್ ಅಳತೆಗೆ ಎಷ್ಟು ಹೊಂದಿತು ಅನ್ನುವ ಅಂಕವೂ ಚೆನ್ನಾಗಿ ಬರುತ್ತದೆ. ಆದರೆ ಬಾವಿಗಳಲ್ಲಿ ಅಳೆದ ಅಂಕಿಗಳ ಚುಕ್ಕೆ ಹಾಕಿ ನೋಡಿದರೆ ಒಂದೂ ಜಾಗಕ್ಕೆ ಕೂರುವುದಿಲ್ಲ. ಬೇಸಿಗೆಯಲ್ಲಿ ತಳ ಕಾಣಬೇಕಾದ ಬಾವಿ ಮಾಡೆಲ್‌ನಲ್ಲಿ ತುಂಬಿಕೊಂಡೇ ಇರುತ್ತದೆ. ನೈಟ್ರೇಟ್ ಅಂತೂ ಲ್ಯಾಬ್ ಹೇಳಿದ್ದರ ಕಾಲು ಭಾಗದಷ್ಟೂ ಬರುವುದಿಲ್ಲ.

ಮುಧೋಳದ ಕಡೆ ಘಟಪ್ರಭೆಗೆ ಸೇರುವ ಒಂದು ಹಳ್ಳದ ಮಾಡೆಲ್ ಮಾಡುವಾಗ ನನಗೆ ಆದದ್ದು ಇದು. ಅದಕ್ಕೆ ಮೂರು ಕಂಪ್ಯೂಟರ್ ಪ್ರೋಗ್ರಾಂ ಬಳಸಿದ್ದೆ. ಹೊಲ, ಮಳೆ, ಬೆಳೆಯ ಲೆಕ್ಕಕ್ಕೆ ಸ್ವಾಟ್. ಅಂತರ್ಜಲಕ್ಕೆ ಮಾಡ್‌ಫ್ಲೋ. ಅದರ ಜೊತೆ ನೀರಿನಲ್ಲಿ ಕರಗಿದ್ದನ್ನು ಹೊತ್ತೊಯ್ಯಲು ಎಂಟಿ-ತ್ರೀಡಿ. ನೈಟ್ರೇಟ್ ತಪ್ಪಿದೆ ಅಂದಮೇಲೆ ದೋಷ ನೈಟ್ರೇಟ್‌ನಲ್ಲೇ ಇರಬೇಕು ಅಂದುಕೊಂಡೆ. ಎರಡು ತಿಂಗಳು ಸಾರಜನಕದ ನಿಯತಾಂಕಗಳನ್ನೇ, ಅಂದರೆ ಮಾಡೆಲ್‌ಗೆ ನಾವು ಕೊಡುವ ಬೆಲೆಗಳನ್ನೇ, ಆ ಕಡೆ ಈ ಕಡೆ ತಿರುಗಿಸುತ್ತ ಕೂತೆ. ಕೊನೆಗೆ ಸಿಕ್ಕ ತಪ್ಪುಗಳಲ್ಲಿ ಹೆಚ್ಚಿನವು ಅಳತೆಯವು, ಇಲ್ಲವೇ ನೀರಿನವು. ಆದ್ದರಿಂದ ನಾನು ಈಗ ಹಿಡಿಯುವ ಸರದಿ ಹೀಗಿದೆ: ಮೊದಲು ಅಳತೆ, ಆಮೇಲೆ ನೀರು, ಆಮೇಲೆ ಕ್ಲೋರೈಡ್, ಎಲ್ಲಕ್ಕಿಂತ ಕೊನೆಗೆ ನೈಟ್ರೇಟ್.

ನದಿಯ ಗೆರೆಯನ್ನು ಯಾಕೆ ನಂಬಬಾರದು

ನಮ್ಮ ಕಡೆ ಇದನ್ನು ಮೊದಲೇ ಹೇಳಬೇಕು. ಮುಧೋಳದ ಹತ್ತಿರ ಘಟಪ್ರಭೆಯಲ್ಲಿ ಹರಿಯುವುದು ಬರೀ ಮಳೆಯ ನೀರಲ್ಲ. ಮೇಲೆ ಹಿಡಕಲ್ ಜಲಾಶಯ ಇದೆ, ಅದರ ಕೆಳಗೆ 1897ರಲ್ಲಿ ಕಟ್ಟಿದ ಧೂಪದಾಳ ಒಡ್ಡು ಇದೆ. ಎಷ್ಟು ನೀರು ನದಿಗೆ, ಎಷ್ಟು ಕಾಲುವೆಗೆ ಅನ್ನುವುದು ಗೇಟಿನಲ್ಲಿ ತೀರ್ಮಾನವಾಗುತ್ತದೆ. ನಾನು ಜಲಾಶಯದಿಂದ ಬಿಟ್ಟ ನೀರಿನ ಲೆಕ್ಕವನ್ನೇ ಮಾಡೆಲ್‌ಗೆ ಕೊಟ್ಟಿದ್ದೆ. ಆ ಗೆರೆ ಹೊಂದದೆ ಇನ್ನೇನಾದೀತು? ಕೊಟ್ಟದ್ದನ್ನೇ ಮಾಡೆಲ್ ವಾಪಸ್ ಕೊಟ್ಟಿತ್ತು. ನನ್ನ ಹಳ್ಳದ ಬಗ್ಗೆ ಆ ಅಂಕ ಏನನ್ನೂ ಹೇಳುತ್ತಿರಲಿಲ್ಲ.

ಅಣೆಕಟ್ಟು ಇಲ್ಲದ ಹಳ್ಳದಲ್ಲೂ ತೊಂದರೆ ಇದ್ದದ್ದೇ. ಹರಿವಿನ ಬಹುಪಾಲು ಕೆಲವೇ ವಾರಗಳಲ್ಲಿ ಹೋಗಿಬಿಡುತ್ತದೆ, ಅಂಕವೂ ಆ ದೊಡ್ಡ ಹರಿವುಗಳ ಮೇಲೇ ನಿಂತಿರುತ್ತದೆ. ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವ ಕಡೆ ನೆಲದೊಳಗೆ ಇಂಗುವುದು 40 ಮಿ.ಮೀ. ಅಂದುಕೊಳ್ಳಿ. ಅದರಲ್ಲಿ 20 ಮಿ.ಮೀ. ತಪ್ಪಿದರೆ ನದಿಯ ಗೆರೆಯಲ್ಲಿ ಗೊತ್ತೇ ಆಗುವುದಿಲ್ಲ. ಬಾವಿಗೆ ಮಾತ್ರ ಅದು ಅರ್ಧ ನೀರು.

ಅಳತೆಯ ತಪ್ಪುಗಳು

ನನ್ನ ಕಾಲು ಭಾಗದ ಗುಟ್ಟು ಇಲ್ಲೇ ಇತ್ತು. ನಮ್ಮ ಲ್ಯಾಬ್‌ಗಳು ನೈಟ್ರೇಟನ್ನು ನೈಟ್ರೇಟ್ ಆಗಿಯೇ ಬರೆಯುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿರುವ ಲೀಟರಿಗೆ 45 ಮಿಲಿಗ್ರಾಂ ಮಿತಿಯೂ ಹಾಗೇ. ಸ್ವಾಟ್ ಲೆಕ್ಕ ಹಾಕುವುದು ಅದರೊಳಗಿನ ಸಾರಜನಕವನ್ನು ಮಾತ್ರ. ಎರಡರ ನಡುವೆ 4.43 ಪಟ್ಟು ವ್ಯತ್ಯಾಸ. 45 ಅನ್ನುವುದು ಸಾರಜನಕದ ಲೆಕ್ಕದಲ್ಲಿ 10 ಚಿಲ್ಲರೆ. ನಿಮ್ಮ ಚುಕ್ಕೆಗಳೆಲ್ಲ ಗೆರೆಗಿಂತ ನಾಲ್ಕೂವರೆ ಪಟ್ಟಿನ ಆಸುಪಾಸು ಮೇಲಿದ್ದರೆ ಬೇರೆ ಏನನ್ನೂ ಮುಟ್ಟಬೇಡಿ, ಮೊದಲು ಇದನ್ನು ಸರಿಮಾಡಿ. ಲ್ಯಾಬ್ ವರದಿಯ ತಲೆಬರಹದಲ್ಲಿ ಯಾವುದು ಬರೆದಿದೆ ಅಂತ ಕಣ್ಣಾರೆ ನೋಡಿ, ಬೇರೆಯವರು ಟೈಪ್ ಮಾಡಿಕೊಟ್ಟ ಹಾಳೆ ಸಾಲದು.

ವರದಿ ಕೈಯಲ್ಲಿದ್ದಾಗಲೇ ಇನ್ನೊಂದು ಪರೀಕ್ಷೆ ಮಾಡಿಬಿಡಿ. ಧನ ಅಯಾನುಗಳ ಮೊತ್ತ ಮತ್ತು ಋಣ ಅಯಾನುಗಳ ಮೊತ್ತ ಮಿಲಿ-ಈಕ್ವಿವಲೆಂಟ್‌ನಲ್ಲಿ, ಅಂದರೆ ವಿದ್ಯುದಾವೇಶದ ಲೆಕ್ಕದಲ್ಲಿ, ಹತ್ತಿರ ಹತ್ತಿರ ಇರಬೇಕು. ಶೇ 5ರ ಒಳಗೆ ಇದ್ದರೆ ಒಳ್ಳೆಯದು, ಶೇ 10 ದಾಟಿದರೆ ಆ ಸ್ಯಾಂಪಲ್ ಪಕ್ಕಕ್ಕಿಡಿ. ತಪ್ಪು ಸ್ಯಾಂಪಲ್‌ಗೆ ಮಾಡೆಲನ್ನು ಹೊಂದಿಸುವುದು ಸುಮ್ನೆ ಕೆಲಸ ಕೆಡಿಸಿಕೊಂಡ ಹಾಗೆ.

ನಂತರ ಎತ್ತರ. ಬಾವಿಯ ಹಾಳೆಯಲ್ಲಿ ನೀರು ಇಷ್ಟು ಮೀಟರ್ ಕೆಳಗೆ ಅಂತ ಇರುತ್ತದೆ. ಎಲ್ಲಿಂದ ಕೆಳಗೆ? ನಾನು ನೋಡಿದ ಒಂದು ಬಾವಿಗೆ ಕಲ್ಲಿನ ಕಟ್ಟೆ ಇತ್ತು. ಹಗ್ಗ ಉಜ್ಜಿ ಉಜ್ಜಿ ಕಟ್ಟೆಯ ಅಂಚಿನಲ್ಲಿ ಬೆರಳು ಇಡುವಷ್ಟು ಕಚ್ಚು ಬಿದ್ದಿತ್ತು. ಅಳೆಯುವವರು ಟೇಪನ್ನು ಅದೇ ಕಚ್ಚಿನಲ್ಲಿ ಇಳಿಬಿಡುತ್ತಿದ್ದರು. ನೆಲದಿಂದ ಆ ಅಂಚಿಗೆ ತೊಂಬತ್ತು ಸೆಂಟಿಮೀಟರ್. ಆ ಕಟ್ಟೆಯ ಎತ್ತರವನ್ನು ಕಳೆಯಬೇಕು ಅನ್ನುವುದು ಎಲ್ಲೂ ಬರೆದಿರಲಿಲ್ಲ. ನಮ್ಮ ಕಲ್ಲಿನಲ್ಲಿ ಇಡೀ ಮಳೆಗಾಲಕ್ಕೆ ಬಾವಿ ಏರುವುದು ಎರಡು ಮೀಟರಿನ ಆಸುಪಾಸು ಇರಬಹುದು. ಅಂಥ ಕಡೆ ತೊಂಬತ್ತು ಸೆಂಟಿಮೀಟರ್ ಸಣ್ಣ ಮಾತಲ್ಲ ಅಲ್ವಾ?

ಜಿಪಿಎಸ್‌ನಿಂದ ಎತ್ತರ ತೆಗೆದುಕೊಂಡಿದ್ದರೆ ಅದು ಸಮುದ್ರ ಮಟ್ಟದ ಲೆಕ್ಕವೋ, ಎಲಿಪ್ಸಾಯ್ಡ್ (ಭೂಮಿಗೆ ಗಣಿತದಲ್ಲಿ ಕೊಟ್ಟ ನುಣುಪು ಆಕಾರ) ಲೆಕ್ಕವೋ ನೋಡಿ. ನಮ್ಮ ಭಾಗದಲ್ಲಿ ಇವೆರಡರ ನಡುವೆ 60 ಮೀಟರಿಗಿಂತ ಜಾಸ್ತಿ ಅಂತರ ಇದೆ. ಎಲ್ಲ ಬಾವಿಗೂ ಒಂದೇ ತೆರನಾಗಿ ತಪ್ಪಿದ್ದರೆ ಬೇಗ ಸಿಗುತ್ತದೆ. ಅರ್ಧ ಬಾವಿಗೆ ಒಂದು, ಅರ್ಧಕ್ಕೆ ಇನ್ನೊಂದು ಆಗಿದ್ದರೆ ತಲೆ ಕೆಡುತ್ತದೆ.

ಮೋಟರ್ ಓಡುವಾಗ ಅಳೆದ ಮಟ್ಟವೂ ಉಪಯೋಗಕ್ಕಿಲ್ಲ. ಇನ್ನು ದಿನಾಂಕ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ, ಉಪಗ್ರಹದ ಮಳೆಯ ದಿನ ಗ್ರೀನಿಚ್ ಸಮಯದ ನಡುರಾತ್ರಿಗೆ. ಎರಡನ್ನೂ ಬೆರೆಸಿದರೆ ಹರಿವು ಒಂದು ದಿನ ಹಿಂದೆಮುಂದೆ ಆಗುತ್ತದೆ. ಕೇಂದ್ರ ಅಂತರ್ಜಲ ಮಂಡಳಿ ಮಟ್ಟ ಅಳೆಯುವುದು ಜನವರಿ, ಮೇ, ಆಗಸ್ಟ್, ನವೆಂಬರ್‌ಗಳಲ್ಲಿ. ನೀರಿನ ಗುಣಕ್ಕೆ ಸ್ಯಾಂಪಲ್ ತೆಗೆಯುವುದು ಮಾಮೂಲಿಯಾಗಿ ಮಳೆಗಾಲಕ್ಕೆ ಮುಂಚೆ. ಮೇ ತಿಂಗಳ ಸ್ಯಾಂಪಲನ್ನು ಮಾಡೆಲ್‌ನ ವರ್ಷದ ಸರಾಸರಿಯ ಜೊತೆ ಹೋಲಿಸಬೇಡಿ.

ಬಾವಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ

ಅಳತೆ ಸರಿಮಾಡಿದ ಮೇಲೆ ನೈಟ್ರೇಟ್ ಸುಮಾರಾಗಿ ಹತ್ತಿರ ಬಂತು. ಆದರೆ ಕೆಲವು ಬಾವಿಗಳಲ್ಲಿ ತೀರಾ ಜಾಸ್ತಿ, ಕೆಲವದರಲ್ಲಿ ತೀರಾ ಕಡಿಮೆ. ಮಟ್ಟದ ಗೆರೆ ಇನ್ನೂ ಚಪ್ಪಟೆ. ಈಗ ನೀರಿಗೆ ಬರಬೇಕು.

ಮೊದಲು ಕೈಲೆಕ್ಕ ಮಾಡಿ. ಅಂತರ್ಜಲ ಅಂದಾಜು ಸಮಿತಿಯ 1997ರ ಪದ್ಧತಿಯಲ್ಲಿ ಕಳಿತ ಕರಿಕಲ್ಲಿಗೆ (ಬಸಾಲ್ಟ್) ಮಳೆಯ ಶೇ 7ರಷ್ಟು, ಗುಳ್ಳೆ ಮತ್ತು ಬಿರುಕು ಇರುವ ಕರಿಕಲ್ಲಿಗೆ ಶೇ 13ರಷ್ಟು ಇಂಗುತ್ತದೆ ಅಂತ ಇಟ್ಟುಕೊಂಡಿದ್ದಾರೆ. ನೀರು ಕೊಡುವ ಸಾಮರ್ಥ್ಯ, ಅಂದರೆ ಸ್ಪೆಸಿಫಿಕ್ ಈಲ್ಡ್, ಅಂಥ ಕಲ್ಲಿಗೆ ಶೇ 2ರ ಆಸುಪಾಸು. 600 ಮಿ.ಮೀ. ಮಳೆಗೆ ಶೇ 7 ಅಂದರೆ 42 ಮಿ.ಮೀ. ಅದನ್ನು 0.02ರಿಂದ ಭಾಗಿಸಿದರೆ 2.1 ಮೀಟರ್. ಬಾವಿ ಅಷ್ಟು ಏರಬೇಕು. ನನ್ನ ಮಾಡೆಲ್‌ನಲ್ಲಿ ಏರುತ್ತಿದ್ದದ್ದು ಒಂದು ಗೇಣು. ಯಾಕೆ ಅಂದರೆ ಹಳೆಯ ಒಂದು ಮಾದರಿ ಕಡತದಿಂದ 0.2 ಹಾಗೇ ಉಳಿದುಬಿಟ್ಟಿತ್ತು. ಅದು ಮರಳಿನ ಬೆಲೆ. ಗಂಗಾ ಬಯಲಿನಲ್ಲಿ ನಡೆಯುತ್ತದೆ, ಮುಧೋಳ, ಜಮಖಂಡಿಯಲ್ಲಿ ನಡೆಯುವುದಿಲ್ಲ. ಗಟ್ಟಿಕಲ್ಲಿನ ನೆಲದ ರೀತಿಯೇ ಬೇರೆ. ಅದಕ್ಕೇ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ ಬೆಳಗಾವಿಯಲ್ಲಿ ಗಟ್ಟಿಕಲ್ಲು ಪ್ರದೇಶಕ್ಕೆಂದೇ ಕೇಂದ್ರ ಇಟ್ಟಿದೆ.

ಪದರಗಳನ್ನೂ ಒಮ್ಮೆ ನೋಡಿಕೊಳ್ಳಿ. ಮೇಲೆ ಎರೆ ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಬಿರುಕಿನ ಕಲ್ಲು, ಆಮೇಲೆ ಗಟ್ಟಿ ಕಲ್ಲು. ತೆರೆದ ಬಾವಿ ಗರಸಿನ ನೀರು ಕುಡಿಯುತ್ತದೆ, ಬೋರ್ ಕೆಳಗಿನ ಬಿರುಕಿನದು. ಲಾವಾದ ಎರಡು ಪದರಗಳ ನಡುವೆ ಅಲ್ಲಲ್ಲಿ ಕೆಂಪು ಜೇಡಿಯ ಪಟ್ಟಿ ಇರುತ್ತದೆ, ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಎರಡೂ ಬಗೆಯ ಬಾವಿಗಳನ್ನು ಒಂದೇ ಪದರದ ಚುಕ್ಕೆ ಅಂತ ಹಾಕಿದ್ದರೆ ಯಾವ ಬೆಲೆ ಕೊಟ್ಟರೂ ಒಂದು ಗುಂಪು ಹೊಂದುತ್ತದೆ, ಇನ್ನೊಂದು ಗುಂಪು ಕೈಬಿಡುತ್ತದೆ.

ಪುಕ್ಕಟೆ ನೀರು ಎಲ್ಲಿಂದ ಬರುತ್ತಿದೆ?

ಸ್ಪೆಸಿಫಿಕ್ ಈಲ್ಡ್ ಸರಿಮಾಡಿದ ಮೇಲೆ ಬಾವಿಗಳು ಮಳೆಗಾಲದಲ್ಲಿ ಏರಿದವು. ಬೇಸಿಗೆಯಲ್ಲಿ ಮಾತ್ರ ಹಳ್ಳದ ದಂಡೆಯ ಬಾವಿಗಳು ಇಳಿಯಲೇ ಇಲ್ಲ. ಎಷ್ಟು ಎತ್ತಿದರೂ ತುಂಬಿಕೊಳ್ಳುತ್ತಿದ್ದವು.

ಇಲ್ಲಿ ನಿಧಾನವಾಗಿ ನೋಡಬೇಕು, ಈ ತಪ್ಪು ಎಷ್ಟೋ ಮಾಡೆಲ್‌ಗಳಲ್ಲಿ ಅಡಗಿ ಕೂತಿರುತ್ತದೆ. ಮಾಡ್‌ಫ್ಲೋದ ರಿವರ್ ಪ್ಯಾಕೇಜ್‌ಗೆ, ಅಂದರೆ ಅದರೊಳಗೆ ನದಿಯ ಲೆಕ್ಕ ಮಾಡುವ ಭಾಗಕ್ಕೆ, ನೀವು ನದಿಯ ನೀರಿನ ಮಟ್ಟ, ತಳದ ಮಟ್ಟ, ತಳದ ಮಣ್ಣಿನ ವಾಹಕತೆ (ಅದು ಎಷ್ಟು ಸಲೀಸಾಗಿ ನೀರು ಬಿಡುತ್ತದೆ ಅನ್ನುವುದು) ಕೊಡುತ್ತೀರಿ. ಅಂತರ್ಜಲ ಆ ಮಟ್ಟಕ್ಕಿಂತ ಕೆಳಗಿಳಿದರೆ ನದಿಯಿಂದ ನೆಲಕ್ಕೆ ನೀರು ಹೋಗುತ್ತದೆ. ಸರಿಯೇ. ಆದರೆ ನದಿಯಲ್ಲಿ ನಿಜಕ್ಕೂ ನೀರು ಇದೆಯಾ ಅಂತ ಆ ಪ್ಯಾಕೇಜ್ ಕೇಳುವುದಿಲ್ಲ. ನಾನು ವರ್ಷವಿಡೀ ಒಂದೇ ಮಟ್ಟ ಕೊಟ್ಟಿದ್ದೆ. ಫೆಬ್ರುವರಿಗೇ ಬತ್ತಿ, ಬಿಳಿ ಉಪ್ಪಿನ ಪೊರೆ ಕಟ್ಟಿ, ದನ ನಡೆದಾಡುವ ಹಳ್ಳ ಅದು. ಮಾಡೆಲ್‌ನಲ್ಲಿ ಏಪ್ರಿಲ್‌ನಲ್ಲೂ ದಂಡೆಯ ಬಾವಿಗಳಿಗೆ ನೀರು ಕುಡಿಸುತ್ತಲೇ ಇತ್ತು.

ಕಂಡುಹಿಡಿಯುವುದು ಸುಲಭ. ನೀರಿನ ಆಯವ್ಯಯದ ಪಟ್ಟಿಯಲ್ಲಿ ಮಾರ್ಚ್, ಏಪ್ರಿಲ್, ಮೇ ತಿಂಗಳ ನದಿಯಿಂದ ಒಳಗೆ ಬಂದ ನೀರು ಅನ್ನುವ ಸಾಲು ತೆಗೆಯಿರಿ. ಹಳ್ಳ ಬತ್ತಿರುವ ತಿಂಗಳಲ್ಲಿ ಆ ಅಂಕಿ ಸೊನ್ನೆ ಆಗಿರಬೇಕು. ಆಗಿಲ್ಲದಿದ್ದರೆ ಅದೇ ನಿಮ್ಮ ಪುಕ್ಕಟೆ ನೀರು. ಒಟ್ಟು ಆಯವ್ಯಯದ ವ್ಯತ್ಯಾಸ ಶೇ 0.01 ಅಂತ ಸಮಾಧಾನ ಪಡಬೇಡಿ. ಒಳಗೆ ಬಂದದ್ದೂ ಹೊರಗೆ ಹೋದದ್ದೂ ಸಮ ಇದೆ ಅಂತಷ್ಟೇ ಅದರ ಅರ್ಥ. ಬಂದ ನೀರು ನಿಜವೇ ಅನ್ನುವುದು ಬೇರೆ ಪ್ರಶ್ನೆ. ಬತ್ತುವ ಹಳ್ಳಕ್ಕೆ ಸ್ಟ್ರೀಮ್ ಪ್ಯಾಕೇಜ್ ಹಾಕಿ, ಅದು ಮೇಲಿನಿಂದ ಬಂದಷ್ಟು ನೀರನ್ನು ಮಾತ್ರ ಸೋರಲು ಬಿಡುತ್ತದೆ. ನೆಲದ ನೀರನ್ನು ಹೊರಗೆ ಒಯ್ಯುವುದಷ್ಟೇ ಹಳ್ಳದ ಕೆಲಸವಾಗಿದ್ದರೆ ಡ್ರೇನ್ ಪ್ಯಾಕೇಜ್ ಸಾಕು.

ಪುಕ್ಕಟೆ ನೀರಿಗೆ ಸ್ವಾಟ್‌ನಲ್ಲೂ ಒಂದು ಬಾಗಿಲಿದೆ. ಕಬ್ಬಿಗೆ ಆಟೋ ನೀರಾವರಿ (ಬೆಳೆಗೆ ಬೇಕಾದಾಗ ಮಾಡೆಲ್ ತಾನೇ ನೀರು ಕೊಡುವ ಆಯ್ಕೆ) ಹಾಕಿ, ನೀರಿನ ಮೂಲ ಜಲಾನಯನದ ಹೊರಗೆ ಅಂತ ಬಿಟ್ಟರೆ, ಬೆಳೆಗೆ ಬೇಕಾದಷ್ಟು ನೀರು ಎಲ್ಲಿಂದಲೋ ಬರುತ್ತದೆ. ಯಾವ ಬಾವಿಯೂ ಕುಸಿಯುವುದಿಲ್ಲ, ಯಾವ ಕಾಲುವೆಯೂ ಖಾಲಿಯಾಗುವುದಿಲ್ಲ. ಬೋರ್ ನೀರಿನ ಹೊಲಕ್ಕೆ ಮೂಲ ಅಂತರ್ಜಲವೇ ಆಗಬೇಕು.

ಹಾಗಂತ ಹೊರಗಿನ ನೀರೆಲ್ಲ ಸುಳ್ಳು ಅಂತಲ್ಲ. ಇದು ನನಗೆ ಗೊತ್ತಾದದ್ದು ಆ ಕಟ್ಟೆಯ ಬಾವಿಯ ಹತ್ತಿರ. ಬಾವಿಯ ಮಾಲೀಕರಿಗೆ ಎಪ್ಪತ್ತು ದಾಟಿತ್ತು. ನಾನು ಮಳೆಯ ಗೆರೆ, ಬಾವಿಯ ಗೆರೆ ಎರಡನ್ನೂ ಹಾಳೆಯ ಮೇಲೆ ತೋರಿಸಿ, "ಕಾಕಾ, ಮಳಿ ಬರೂಕಿಂತ ಮೊದಲ ನಿಮ್ಮ ಬಾವಿ ಏರೇತಿ, ಇದ್ಯಾಕ?" ಅಂತ ಕೇಳಿದೆ. ಅವರು ಹಾಳೆ ನೋಡಲೇ ಇಲ್ಲ.

"ಮಳಿ ಬರ್ಲಿ ಬಿಡ್ಲಿ, ಕೆನಾಲ್ ಬಿಟ್ಟ ಎಂಟ-ಹತ್ತ ದಿನಕ್ಕ ನಮ್ಮ ಬಾವ್ಯಾಗ ನೀರ ಏರ್ತಾವ್ರಿ ಸಾಹೇಬ್ರ. ಮ್ಯಾಲಿನ ಮಡ್ಡಿ ಹೊಲದಾಗ ಮಾತ್ರ ಹಂಗಿಲ್ಲ."

ಒಂದೇ ಮಾತಿನಲ್ಲಿ ಎರಡು ವಿಷಯ ಸಿಕ್ಕಿತು. ಕಾಲುವೆಯ ಸೋರಿಕೆ ಮಾಡೆಲ್‌ನಲ್ಲಿ ಇರಲೇ ಇಲ್ಲ. ಇನ್ನೊಂದು, ಬಾವಿಗಳು ಎರಡು ಜಾತಿ: ಕಾಲುವೆಯ ಕೆಳಗಿನವು, ಮೇಲಿನ ಮಡ್ಡಿಯವು, ಅಂದರೆ ಕಾಲುವೆಯ ನೀರು ಮುಟ್ಟದ ಎತ್ತರದ ಹೊಲದವು. ನೈಟ್ರೇಟ್ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಆ ರಾತ್ರಿ ನಕ್ಷೆಯ ಮೇಲೆ ಹಾಕಿ ನೋಡಿದೆ. ಮಾಡೆಲ್ ಜಾಸ್ತಿ ತೋರಿಸುತ್ತಿದ್ದವು ಕಾಲುವೆಯ ಕೆಳಗಿನವು, ಕಡಿಮೆ ತೋರಿಸುತ್ತಿದ್ದವು ಮಡ್ಡಿಯವು. ಕಾಲುವೆಯ ನೀರಿನಲ್ಲಿ ನೈಟ್ರೇಟ್ ಕಡಿಮೆ, ಅದು ಸೋರಿ ಬಾವಿಯ ನೀರನ್ನು ತೆಳು ಮಾಡುತ್ತದೆ. ಮಡ್ಡಿಯಲ್ಲಿ ಅದೇ ಬೋರ್ ನೀರು ಮತ್ತೆ ಮತ್ತೆ ಹೊಲಕ್ಕೆ ಬೀಳುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಕರಗಿದ್ದು ಉಳಿದು ಕೆಳಗಿಳಿಯುತ್ತದೆ. ಪ್ರತಿ ಸುತ್ತಿಗೂ ಗಟ್ಟಿಯಾಗುತ್ತದೆ. ಸಾರಜನಕದ ಒಂದು ಅಂಕಿಯನ್ನೂ ಮುಟ್ಟದೆ ಅರ್ಧ ದೋಷ ಅಲ್ಲೇ ಬಗೆಹರಿಯಿತು.

ಕ್ಲೋರೈಡನ್ನು ಸಾಕ್ಷಿಗೆ ಕರೆಯಿರಿ

ನೈಟ್ರೇಟ್ ದಾರಿಯಲ್ಲಿ ಕಳೆದುಹೋಗುತ್ತದೆ. ಬೇರು ಹೀರುತ್ತದೆ, ಗಾಳಿ ಇಲ್ಲದ ಕಡೆ ಬ್ಯಾಕ್ಟೀರಿಯಾ ಅದನ್ನು ಅನಿಲ ಮಾಡಿ ಬಿಡುತ್ತದೆ. ಕ್ಲೋರೈಡ್ ಹಾಗಲ್ಲ, ನೀರು ಹೋದಲ್ಲಿ ಬಹುಮಟ್ಟಿಗೆ ಹಾಗೇ ಹೋಗುತ್ತದೆ. ಹಾಗಾಗಿ ಅದೇ ಮಾಡೆಲ್‌ನಲ್ಲಿ ಕ್ಲೋರೈಡ್ ಓಡಿಸಿ. ಮಾಮೂಲಿ ಸ್ವಾಟ್‌ನಲ್ಲಿ ಕ್ಲೋರೈಡ್ ಇಲ್ಲ, ಎಂಟಿ-ತ್ರೀಡಿಯಲ್ಲಿ ಮಾಡಬೇಕು. ಕ್ಲೋರೈಡ್ ತಪ್ಪಿದರೆ ದೋಷ ನೀರಿನ ದಾರಿಯಲ್ಲಿದೆ, ಹಿಂದಕ್ಕೆ ಹೋಗಿ. ಕ್ಲೋರೈಡ್ ಹೊಂದಿ ನೈಟ್ರೇಟ್ ಮಾತ್ರ ತಪ್ಪಿದರೆ ಆಗ ಸಾರಜನಕಕ್ಕೆ ಕೈಹಾಕಿ.

ಒಂದು ಎಚ್ಚರಿಕೆ. ಕಬ್ಬಿನ ಊರಿನಲ್ಲಿ ಕ್ಲೋರೈಡ್ ಮಳೆಯಿಂದ, ಕಲ್ಲಿನಿಂದ ಮಾತ್ರ ಬರುವುದಿಲ್ಲ. ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡೇ. 50 ಕಿಲೊ ಚೀಲದಲ್ಲಿ ಸುಮಾರು 23 ಕಿಲೊ ಕ್ಲೋರೈಡ್ ಇರುತ್ತದೆ. ಇದನ್ನು ಬಿಟ್ಟರೆ ಸಾಕ್ಷಿಯೇ ತಪ್ಪು ಹೇಳುತ್ತದೆ.

ಈಗ ನೈಟ್ರೇಟ್

ಗೊಬ್ಬರವನ್ನು ಚೀಲದ ಲೆಕ್ಕದಲ್ಲಿ ಕೇಳಿ. ಹೆಕ್ಟೇರಿಗೆ ಎಷ್ಟು ಕಿಲೊ ಸಾರಜನಕ ಅಂತ ರೈತರನ್ನು ಕೇಳಿದರೆ ಯಾರು ಹೇಳುತ್ತಾರೆ? ಎಕರೆಗೆ ಎಷ್ಟು ಚೀಲ ಯೂರಿಯಾ ಅಂದರೆ ತಕ್ಷಣ ಹೇಳುತ್ತಾರೆ. 45 ಕಿಲೊ ಚೀಲದಲ್ಲಿ ಶೇ 46 ಸಾರಜನಕ, ಅಂದರೆ 20.7 ಕಿಲೊ. ಐದು ಚೀಲಕ್ಕೆ ನೂರು ಕಿಲೊ ದಾಟುತ್ತದೆ, ಹೆಕ್ಟೇರಿಗೆ ಸುಮಾರು 250. ಸ್ವಾಟ್‌ನಲ್ಲಿ ಗೊಬ್ಬರದ ಹೆಸರು ಯೂರಿಯಾ ಅಂತ ಆರಿಸಿದರೆ ಯೂರಿಯಾದ ತೂಕ ಕೊಡಬೇಕು, ಸಾರಜನಕ ಅಂತ ಆರಿಸಿದರೆ ಸಾರಜನಕದ ತೂಕ. ಅದಲು ಬದಲಾದರೆ ಒಂದು ಕಡೆ ಅರ್ಧಕ್ಕಿಂತ ಕಡಿಮೆ, ಇನ್ನೊಂದು ಕಡೆ ಎರಡು ಪಟ್ಟಿಗಿಂತ ಜಾಸ್ತಿ.

ಆ 250ರಲ್ಲಿ ಹತ್ತನೇ ಒಂದು ಪಾಲು, 25 ಕಿಲೊ ಕೆಳಗಿಳಿಯಿತು ಅಂದುಕೊಳ್ಳಿ. ಅದು 100 ಮಿ.ಮೀ. ನೀರಿನಲ್ಲಿ ಕರಗಿದರೆ ಲೀಟರಿಗೆ 25 ಮಿಲಿಗ್ರಾಂ ಸಾರಜನಕ, ಅಂದರೆ ಸುಮಾರು 110 ನೈಟ್ರೇಟ್. 200 ಮಿ.ಮೀ. ನೀರಿನಲ್ಲಿ ಕರಗಿದರೆ 55. ಗೊಬ್ಬರ ಅಷ್ಟೇ, ಬಾವಿ ಬೇರೆ. ಪುಕ್ಕಟೆ ನೀರನ್ನು ಮೊದಲು ಹಿಡಿಯಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಇಷ್ಟರ ಮೇಲೂ ಒಂದು ಜಾಗದಲ್ಲಿ ಅಳತೆ ತೀರಾ ಕಡಿಮೆ ಇದ್ದರೆ ಅಲ್ಲಿಗೆ ಹೋಗಿ ನೆಲ ನೋಡಿ. ಜವಳು ಹಿಡಿದಿರಬಹುದು. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ನೈಟ್ರೇಟ್ ಉಳಿಯುವುದಿಲ್ಲ. ಘಟಪ್ರಭಾ, ಮಲಪ್ರಭಾ ಎರಡೂ ಅಚ್ಚುಕಟ್ಟಿನಲ್ಲಿ ಸವಳು ಜವಳು ಹಿಡಿದ ಹೊಲಗಳಿವೆ, ಅಲ್ಲಿಗೆ ಬೇರೆ ವಿಘಟನೆ ದರ (ನೈಟ್ರೇಟ್ ಎಷ್ಟು ಬೇಗ ಕಳೆದುಹೋಗುತ್ತದೆ ಅನ್ನುವುದು) ಕೊಡಬೇಕು. ಇಡೀ ಜಲಾನಯನಕ್ಕೆ ಒಂದೇ ದರ ಕೊಟ್ಟು ಹೊಂದಿಸಿದರೆ ಒಳ್ಳೆ ಹೊಲದ ನೈಟ್ರೇಟೂ ಮಾಯವಾಗಿಬಿಡುತ್ತದೆ.

ಡೋಣಿಯ ಕಡೆಯವರಿಗೆ, ಮಲಪ್ರಭೆಯ ಮೇಲ್ಭಾಗದವರಿಗೆ

ವಿಜಯಪುರದ ಡೋಣಿ ಜಲಾನಯನದಲ್ಲಿ ಲಕ್ಷಣ ಬೇರೆ. ಜೂನ್‌ನ ಮೊದಲ ದೊಡ್ಡ ಮಳೆಗೆ ಮಾಡೆಲ್‌ನಲ್ಲಿ ಹಳ್ಳ ಉಕ್ಕುತ್ತದೆ, ಊರಲ್ಲಿ ಹಳ್ಳ ಒಣಗಿಯೇ ಇರುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ, ಮೊದಲ ಮಳೆ ನೇರ ಆ ಬಿರುಕಿಗೆ ಇಳಿಯುತ್ತದೆ. ಬಿರುಕು ಮುಚ್ಚಿದ ಮೇಲೆ ಹನಿ ಇಂಗುವುದಿಲ್ಲ, ಎಲ್ಲ ಹರಿದುಹೋಗುತ್ತದೆ. ಸ್ವಾಟ್‌ನಲ್ಲಿ ಬಿರುಕಿನ ಹರಿವಿನ ಆಯ್ಕೆ ಇದೆ, ತಾನಾಗಿ ಚಾಲೂ ಇರುವುದಿಲ್ಲ.

ಇನ್ನೊಂದು, ಬೆಳೆಯ ಕಾಲ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅನ್ನುವುದು ಹಿಂಗಾರಿ ಜೋಳದ ಮಾತು. ಅಲ್ಲಿ ಎಷ್ಟೋ ಹೊಲ ಮಳೆಗಾಲದಲ್ಲಿ ಖಾಲಿ ಇರುತ್ತದೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಸ್ವಾಟ್‌ನ ಸಿದ್ಧ ವೇಳಾಪಟ್ಟಿ ಜನವರಿ 1ರಿಂದ ಬಿಸಿಲಿನ ಲೆಕ್ಕ ಹಿಡಿದು ಬಿತ್ತುತ್ತದೆ. ಚಳಿ ದೇಶಕ್ಕೆ ಅದು ಸರಿ, ನಮ್ಮಲ್ಲಿ ಬೇಸಿಗೆಯಲ್ಲೇ ಹೊಲದಲ್ಲಿ ಬೆಳೆ ಬೆಳೆಸಿಬಿಡುತ್ತದೆ. ದಿನಾಂಕ ಕೊಟ್ಟು ಬಿತ್ತಿ. ಡೋಣಿಯ ಸವಳು ಮಾಡೆಲ್‌ನಲ್ಲಿ ಬಾರದಿದ್ದರೆ ಮಣ್ಣಿನ ಆರಂಭದ ಉಪ್ಪು ಸೊನ್ನೆ ಅಂತ ಇದೆಯಾ ನೋಡಿ. ಎಷ್ಟೋ ಕಾಲದಿಂದ ಕೂಡಿದ ಉಪ್ಪು ಅದು, ಮೂರು ವರ್ಷದ ವಾರ್ಮ್‌ಅಪ್‌ನಲ್ಲಿ (ಫಲಿತಾಂಶ ಲೆಕ್ಕಕ್ಕೆ ಹಿಡಿಯುವ ಮುಂಚಿನ ಓಟ) ಕೂಡುವುದಿಲ್ಲ.

ಮಲಪ್ರಭೆಯ ಮೇಲ್ಭಾಗದಲ್ಲಿ ನದಿಯ ಹರಿವೇ ಕಡಿಮೆ ಬಂದರೆ ಮಳೆಮಾಪಕ ನೋಡಿ. ನದಿ ಹುಟ್ಟುವ ಕಣಕುಂಬಿಯ ಮಳೆಗೂ ಕೆಳಗಿನ ಖಾನಾಪುರದ ಮಳೆಗೂ ಅಜಗಜಾಂತರ. ಸ್ವಾಟ್ ಪ್ರತಿ ಉಪ ಜಲಾನಯನಕ್ಕೂ ಹತ್ತಿರದ ಒಂದೇ ಮಾಪಕ ಕೊಡುತ್ತದೆ. ಘಟ್ಟದ ತುದಿಗೆ ಬಯಲಿನ ಮಳೆ ಸಿಕ್ಕಿದ್ದರೆ ಯಾವ ನಿಯತಾಂಕವೂ ಅದನ್ನು ತುಂಬಿಕೊಡಲಾರದು.

ನನ್ನ ಹಳ್ಳಕ್ಕೆ ವಾಪಸ್ ಬರುತ್ತೇನೆ. ಈಗ ಹೆಚ್ಚಿನ ಬಾವಿಗಳು ಹೊಂದುತ್ತವೆ. ಲೋಕಾಪುರದ ಕಡೆ ಸುಣ್ಣದ ಕಲ್ಲಿನಲ್ಲಿರುವ ಒಂದು ಬಾವಿ ಮಾತ್ರ ಇನ್ನೂ ಹೊಂದಿಲ್ಲ. ಕಾಲುವೆ ಬಿಟ್ಟ ಎರಡನೇ ದಿನಕ್ಕೇ ಅದರ ನೀರು ಬಗ್ಗಡವಾಗುತ್ತದೆ. ಗರಸಿನ ಮೂಲಕ ಅಷ್ಟು ಬೇಗ ನೀರು ಬರಲು ಸಾಧ್ಯವಿಲ್ಲ, ಕಲ್ಲಿನಲ್ಲಿ ಎಲ್ಲೋ ತೆರೆದ ಪೊಟರೆ ಇರಬೇಕು. ಅದನ್ನು ಎಳೆದು ಹೊಂದಿಸಲಿಲ್ಲ. ವರದಿಯ ನಕ್ಷೆಯಲ್ಲಿ ಕೆಂಪು ಚುಕ್ಕೆಯಾಗಿಯೇ ಬಿಟ್ಟಿದ್ದೇನೆ. ಮುಂದಿನ ಸಲ ಕೆನಾಲ್ ಬಿಡುವ ಮುಂಚೆ ಅದರೊಳಗೆ ಮಟ್ಟ ಮತ್ತು ವಿದ್ಯುತ್ ವಾಹಕತೆ ಅಳೆಯುವ ಲಾಗರ್ ಇಳಿಬಿಡಬೇಕು, ಹದಿನೈದು ನಿಮಿಷಕ್ಕೊಂದು ಅಳತೆ.